ನಾವು ಮುಟ್ಟಿದ ನೀರು, ವಿಷ ಮುಟ್ಟಿದ ನೀರು



1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಮಹಾಡದ ಚೌದಾರ್ ಕೆರೆಯ ನೀರು ಕುಡಿದರು. ಸವರ್ಣೀಯರು ತಡಮಾಡಲಿಲ್ಲ. ಸಗಣಿ, ಗಂಜಲ, ಹಾಲು, ಮೊಸರಿನ 108 ಗಡಿಗೆ ಹಾಕಿ ಕೆರೆಯನ್ನು 'ಶುದ್ಧ' ಮಾಡಿದರು. ಏನು ಆತುರ!

ನಿಜವಾಗಿ ಕೆಟ್ಟ ನೀರಿಗೆ ಈ ಆತುರ ಯಾಕಿಲ್ಲ? ಕಾಸರಗೋಡಿನ ಗೇರು ತೋಟಗಳ ಮೇಲೆ ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಕೆಳಗೆ ಮನೆಗಳು, ಶಾಲೆಗಳು, ಬಾಯಿ ತೆರೆದ ಬಾವಿಗಳು, ನೀರಿನ ಸುರಂಗಗಳು. ಸಿಂಪಡಣೆ ನಿಂತ ಮೇಲೆ ಉಳಿದ ವಿಷವನ್ನು ಮಿಂಚಿನಪದವು ಬಳಿ ಪಾಳುಬಾವಿಗೆ ಹಾಕಿ ಮುಚ್ಚಿದರೆಂಬ ದೂರು ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಮಾದರಿ ತೆಗೆಯೋಕೆ ಬರುವಷ್ಟರಲ್ಲಿ ಇಪ್ಪತ್ತು ವರ್ಷ ದಾಟಿತ್ತು.

ಹೊಳೆ ಒಂದು ಮಳೆಗಾಲಕ್ಕೆ ತನ್ನನ್ನು ತಾನೇ ತೊಳೆದುಕೊಂಡೀತು. ನೆಲದಡಿಯ ನೀರು ಹಾಗಲ್ಲ, ಬಂಡೆಯ ಸೀಳುಗಳಲ್ಲಿ ತೆವಳುತ್ತೆ. ವಿಷ ಮಣ್ಣಿಗೆ ಅಂಟಿ ಕೂತು ಚೂರು ಚೂರೇ ಬಿಟ್ಟುಕೊಡುತ್ತೆ. ಡ್ರಮ್ಮು ಎತ್ತಿದರೆ ಅರ್ಧ ಕೆಲಸವೂ ಆಗಲ್ಲ. ವಿಷ ಹೀರಿದ ಮಣ್ಣು ತೆಗೀಬೇಕು, ನೀರನ್ನು ಪಂಪಿನಲ್ಲೆತ್ತಿ ಇದ್ದಿಲಿನಲ್ಲಿ ಸೋಸಬೇಕು, ಸುತ್ತಲ ಬಾವಿಗಳನ್ನು ವರ್ಷಗಟ್ಟಲೆ ಪರೀಕ್ಷೆ ಮಾಡ್ತಾನೇ ಇರಬೇಕು. 1984ರ ದುರಂತವಾಗಿ ನಲವತ್ತು ವರ್ಷದ ಮೇಲೆ, 2025ರ ಜನವರಿಯಲ್ಲಿ, ಭೋಪಾಲದ ಕಾರ್ಖಾನೆಯಿಂದ 337 ಟನ್ ವಿಷದ ಕಸ ಲಾರಿ ಹತ್ತಿತು. ಸುತ್ತಲ ಬಸ್ತಿಗಳ ಅಂತರ್ಜಲ ಲಾರಿ ಹತ್ತಲಿಲ್ಲ.

ಕಾಸರಗೋಡು, ಭೋಪಾಲದ ಮಾತು ಗೋಣಿಬೀಡಿಗೆ ಯಾಕೆ ಅಂತೀರಾ? ನಮ್ಮ ಇಳಿಜಾರು ನೋಡಿ. ಮೇಲೆ ಬಂಗಲೆ, ನಡುವೆ ಕಾಫಿ, ತಗ್ಗಿನಲ್ಲಿ ಲೈನು, ಕಾಲನಿ, ಕಾಲನಿಯ ಬಾವಿ. ಸ್ಪ್ರೇ ಡ್ರಮ್ಮು ತೊಳೆದ ನೀರು, ಪಲ್ಪರ್ ನೀರು ಇಳಿಯೋದು ಯಾವ ಕಡೆಗೆ? ವಿಷಕ್ಕೆ 'ಔಷಧಿ' ಅಂತ ಹೆಸರಿಟ್ಟುಕೊಂಡು ಹೊಡೆಯುವವರೂ ನಾವೇ, ಖಾಲಿ ಡಬ್ಬ ತೊಳೆದು ನೀರು ಹಿಡಿಯುವವರೂ ನಾವೇ.

ಆದ್ದರಿಂದ ಕೇಳುತ್ತೇವೆ: ಮಾಲೀಕರ ಬೋರ್‌ವೆಲ್ಲಿಗಿಂತ ಮೊದಲು ಕಾಲನಿ ಬಾವಿಯ ನೀರು ಪರೀಕ್ಷೆಯಾಗಲಿ. ವರದಿ ಕನ್ನಡದಲ್ಲಿ, ಕುಡಿಯುವವರ ಕೈಗೇ ಬರಲಿ. ಕೆಟ್ಟಿದೆ ಅಂತಾದರೆ ಅದು ಸರಿಹೋಗುವ ತನಕ ಬೇರೆ ನೀರು ಕೊಡಿ. ಖರ್ಚು ಕೆಡಿಸಿದವರದೇ. ಇದೇನು ನಮ್ಮ ಹಠ ಅಲ್ಲ, ರಾಜಸ್ಥಾನದ ಬಿಚ್ರಿ ಹಳ್ಳಿಯ ಬಾವಿಗಳ ಕೇಸಿನಲ್ಲಿ 1996ರಲ್ಲೇ ಸುಪ್ರೀಂ ಕೋರ್ಟು ಹೇಳಿದ ಮಾತು.

ಮುಂದಿನ ಗ್ರಾಮಸಭೆಗೆ ಕಾಲನಿ ಬಾವಿಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡೇ ಹೋಗ್ತೀವಿ. ಪರೀಕ್ಷೆಗೆ ಕಳಿಸುವ ಠರಾವು ಬರೆಸಿದ ಮೇಲೇ ಏಳ್ತೀವಿ.