ಹೊರುವುದೋ, ಹಾದಿ ಮಾಡಿಕೊಡುವುದೋ?

ಈ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಶಾಲೆಯ ಹಳೆಯ ನೆನಪುಗಳನ್ನು ಬರೆಯತಕ್ಕವರು ಬಹು ಮಂದಿ ಇರುವರೆಂದು ತಿಳಿದು ನಾವು ಬೇರೊಂದು ವಿಷಯವನ್ನು ಆರಿಸಿಕೊಂಡೆವು. ನಾವು ಈ ಶಾಲೆಯಲ್ಲಿ ಓದಿದವರು. ನಮ್ಮ ಮಗಳೂ ಇಲ್ಲಿಯೇ ಓದಿದಳು. ಆದುದರಿಂದ ಹಳೆಯ ವಿದ್ಯಾರ್ಥಿನಿಯರಿಗೂ ತಾಯ್ತಂದೆಗಳಿಗೂ ಒಟ್ಟಾಗಿ ಹೇಳತಕ್ಕ ಮಾತೊಂದು ನಮ್ಮಲ್ಲಿ ಉಂಟು. ಬಿದ್ದು ಕಾಲು ಮುರಿದುಕೊಂಡ ಮಗುವಿಗೆ ಮನೆಯವರೂ ಶಾಲೆಯವರೂ ಹೇಗೆ ನೆರವಾಗಬೇಕು ಎಂಬುದೇ ಆ ಮಾತು. ಈ ವಿಷಯದಲ್ಲಿ ನಾವು ಮೊದಲು ತಪ್ಪಿದವರು, ಆಮೇಲೆ ಕಲಿತವರು.

2022ನೆಯ ಇಸವಿಯ ದಸರೆಯ ರಜೆಯಲ್ಲಿ, ಒಂಬತ್ತನೆಯ ತರಗತಿಯಲ್ಲಿದ್ದ ನಮ್ಮ ಮಗಳು ಬಂಡೆ ಏರುವುದನ್ನು ಕಲಿಸುವ ಒಂದು ಗುಂಪಿನೊಡನೆ ರಾಮನಗರದ ಬೆಟ್ಟಗಳಿಗೆ ಹೋದಳು. ಬೆಂಗಳೂರಿನಿಂದ ಮೈಸೂರಿಗೆ ಪ್ರಯಾಣ ಮಾಡಿದವರೆಲ್ಲರೂ ಆ ಬೋಳುಗಲ್ಲಿನ ಗುಡ್ಡಗಳನ್ನು ಕಂಡೇ ಇರುವರು. ಎರಡನೆಯ ದಿನ ಬೆಳಗ್ಗೆ ಏರುತ್ತಿರುವಾಗ ಅವಳ ಕೈ ಜಾರಿತು. ಕೆಳಗೆ ಹಗ್ಗ ಹಿಡಿದಿದ್ದವರು ಅದನ್ನು ಹೆಚ್ಚಾಗಿ ಸಡಿಲ ಬಿಟ್ಟಿದ್ದ ಕಾರಣ, ಹಗ್ಗ ಬಿಗಿಯಾಗುವಷ್ಟರಲ್ಲಿ ಅವಳ ಎರಡು ಕಾಲುಗಳೂ ನೆಲದ ಕಲ್ಲಿಗೆ ಅಪ್ಪಳಿಸಿದ್ದವು. ಹೆಲ್ಮೆಟ್ ಇದ್ದುದರಿಂದ ತಲೆಗೆ ಅಪಾಯವಾಗಲಿಲ್ಲ. ಬಲಗಾಲಿನಲ್ಲಿ ಮೊಳಕಾಲಿನ ಕೆಳಗಿನ ಎರಡು ಮೂಳೆಗಳೂ ಮುರಿದು, ದೊಡ್ಡ ಮೂಳೆಯ ತುದಿ ಚರ್ಮವನ್ನು ಸೀಳಿ ಹೊರಗೆ ಬಂದಿತ್ತು. ಎಡಗಾಲಿನ ಹಿಮ್ಮಡಿಯ ಮೂಳೆ ಒಡೆದಿತ್ತು.

ಸಂಗಡ ಇದ್ದವರಲ್ಲಿ ಒಬ್ಬಾಕೆ ಮಾಡಿದ ಕೆಲಸವನ್ನು ಇಲ್ಲಿ ಹೇಳದೆ ಇರಲಾರೆವು. ಯಾಕಂದರೆ ಅದನ್ನು ಪ್ರತಿಯೊಬ್ಬರೂ ತಿಳಿದಿರತಕ್ಕದ್ದು. ಆಕೆ ಹೊರಬಂದ ಮೂಳೆಯನ್ನು ಒಳಕ್ಕೆ ನೂಕಲಿಲ್ಲ, ಗಾಯವನ್ನು ಕೆದಕಲಿಲ್ಲ. ಶುಭ್ರವಾದ ಬಟ್ಟೆಯಿಂದ ಗಾಯವನ್ನು ಮುಚ್ಚಿ, ಕಾಲು ಅಲುಗದಂತೆ ನೇರವಾದ ಕೋಲುಗಳನ್ನು ಎರಡು ಮಗ್ಗುಲಿಗೂ ಇಟ್ಟು ಕಟ್ಟಿದಳು. ಶಸ್ತ್ರಚಿಕಿತ್ಸೆ ಬೇಕಾಗಬಹುದೆಂದು ಕುಡಿಯಲು ಏನನ್ನೂ ಕೊಡಗೊಡಲಿಲ್ಲ. ನಾಟಿ ಕಟ್ಟು ಹಾಕಿಸೋಣವೆಂದವರ ಮಾತಿಗೆ ಕಿವಿಗೊಡದೆ ನೇರವಾಗಿ ಆಸ್ಪತ್ರೆಗೆ ಕರೆತಂದಳು. ಮೂಳೆ ಹೊರಬಂದ ಗಾಯಕ್ಕೆ ನಂಜೇರದಂತೆ ಔಷಧವನ್ನು ಬೇಗನೆ ಕೊಡಬೇಕು. ಊದುತ್ತಿರುವ ಕಾಲಿಗೆ ಬಿಗಿಯಾದ ಕಟ್ಟು ಬಿದ್ದರೆ ರಕ್ತ ನಡೆಯದೆ ಕಾಲೇ ಹೋಗುವುದುಂಟು.

ಆ ರಾತ್ರಿಯೇ ವೈದ್ಯರು ಗಾಯವನ್ನು ತೊಳೆದು, ದೊಡ್ಡ ಮೂಳೆಯ ಪೊಳ್ಳಿನೊಳಗೆ ಲೋಹದ ಸರಳನ್ನು ಇಳಿಸಿ ನಿಲ್ಲಿಸಿದರು. ಜರ್ಮನಿಯ ಗೆರ್ಹಾರ್ಡ್ ಕ್ಯುಂಚರ್ ಎಂಬ ವೈದ್ಯರು 1939ರ ಸುಮಾರಿಗೆ ಈ ಕ್ರಮವನ್ನು ಬಳಕೆಗೆ ತಂದರು. ಅದಕ್ಕೆ ಮುಂಚೆ ಇಂಥ ಕಾಲುಗಳು ತಿಂಗಳುಗಟ್ಟಲೆ ಗಟ್ಟಿಯಾದ ಕಟ್ಟಿನಲ್ಲಿಯೋ ತೂಕದ ಎಳೆತದಲ್ಲಿಯೋ ಇರಬೇಕಾಗಿತ್ತು. ನಮ್ಮನ್ನು ಮನೆಗೆ ಕಳುಹಿಸುವಾಗ ವೈದ್ಯರು ಹೇಳಿದ ಮಾತು ಇದು: “ಮೂಳೆ ಕೂಡಿಕೊಳ್ಳುತ್ತದೆ. ಕಾಲು ಮರಳಿ ಬರುವುದು ಮಾತ್ರ ನಿಮ್ಮ ಮನೆಯಲ್ಲಿ ಆಗಬೇಕಾದ ಕೆಲಸ.” ಮೂಳೆ ಕೂಡುವುದೂ ಕಾಲು ಬರುವುದೂ ಒಂದೇ ಎಂದು ಎಣಿಸಿದ್ದ ನಮಗೆ ಆ ಮಾತಿನ ಅರ್ಥವು ಆಗ ಹೊಳೆಯಲಿಲ್ಲ.

ಮೊಳಕಾಲಿನ ಕೆಳಗಿನ ದೊಡ್ಡ ಮೂಳೆಯ ಮುಂಭಾಗದಲ್ಲಿ ಮಾಂಸವಿಲ್ಲ. ಚರ್ಮದ ಅಡಿಯಲ್ಲಿಯೇ ಮೂಳೆ ಇದೆ. ಅದರ ಕೆಳಭಾಗಕ್ಕೆ ರಕ್ತದ ಪೂರೈಕೆಯೂ ಕಡಿಮೆ. ಆದಕಾರಣ ಅದು ಸುಲಭವಾಗಿ ಚರ್ಮವನ್ನು ಸೀಳಿ ಹೊರಬರುವುದು, ನಿಧಾನವಾಗಿ ಕೂಡುವುದು. ಐದಾರು ತಿಂಗಳು, ಕೆಲವರಿಗೆ ಅದಕ್ಕಿಂತಲೂ ಹೆಚ್ಚು ಕಾಲ ಬೇಕಾಗುವುದು. ಆದರೆ ಸ್ನಾಯುಗಳು ಇಷ್ಟು ಕಾಲ ಕಾದಿರುವುದಿಲ್ಲ. ಹಾಸಿಗೆಯಲ್ಲಿ ಎರಡು ವಾರ ಸುಮ್ಮನೆ ಇದ್ದರೆ ಸಾಕು, ತೊಡೆ ಬಡವಾಗುವುದು ಕಣ್ಣಿಗೇ ಕಾಣುತ್ತದೆ. ಕಾಲ ಗಿಣ್ಣನ್ನು ಮಡಿಸದೆ ಬಿಟ್ಟರೆ ಪಾದವು ಕೆಳಮುಖವಾಗಿ ಬಿಗಿದುಕೊಂಡು, ಮೂಳೆ ಕೂಡಿದ ಮೇಲೂ ಹಿಮ್ಮಡಿ ನೆಲಕ್ಕೆ ತಾಗದು. ರಕ್ತವು ಕಾಲಿನಲ್ಲಿ ಹೆಪ್ಪುಗಟ್ಟುವ ಭಯವೂ ಉಂಟು.

ಇದನ್ನೆಲ್ಲ ನಮಗೆ ಆಸ್ಪತ್ರೆಯಲ್ಲಿ ಹೇಳಿದ್ದರು. ಆದರೂ ನಾವು ಮಾಡಿದ್ದೇನು? ಮಗುವಿಗೆ ಎರಡು ಕೈಗಳೂ ಚೆನ್ನಾಗಿರುವಾಗ ತುತ್ತು ಮಾಡಿ ಉಣ್ಣಿಸಿದೆವು. ತಲೆ ಬಾಚಿಕೊಳ್ಳಗೊಡಲಿಲ್ಲ. ಹಾಸಿಗೆಯಿಂದ ಗಾಲಿಕುರ್ಚಿಗೆ ತೋಳಿನ ಬಲದಿಂದ ತಾನೇ ಜರುಗಲು ಕಲಿಸಿದ್ದರೂ, ಅವಳ ತಂದೆಯವರು ಎತ್ತಿಕೊಂಡೇ ಹೋಗುತ್ತಿದ್ದರು. ಫಿಸಿಯೊಥೆರಪಿಯ ಹೆಣ್ಣುಮಗಳು ಬಂದು ಗಿಣ್ಣನ್ನು ಮಡಿಸುವಾಗ ಮಗು ಅತ್ತರೆ, “ಈ ಹೊತ್ತಿಗೆ ಸಾಕಮ್ಮ” ಎಂದು ನಾವೇ ತಡೆದೆವು. ನೋಡಲು ಬಂದ ನೆಂಟರು, “ಹೆಣ್ಣುಮಗು, ಕಾಲು ಕುಂಟಾದರೆ ಮುಂದೆ ಗತಿಯೇನು?” ಎಂದು ಅವಳ ಎದುರಿಗೇ ಹೇಳುವಾಗ ಅವರ ಬಾಯನ್ನು ಮುಚ್ಚಿಸದೆ ಸೆರಗಿನಿಂದ ಕಣ್ಣೊರಸಿಕೊಂಡೆವು. ಇದನ್ನೆಲ್ಲ ಪ್ರೀತಿಯೆಂದೇ ತಿಳಿದಿದ್ದೆವು.

ಏಳನೆಯ ವಾರದಲ್ಲಿ ಆ ಹೆಣ್ಣುಮಗಳು ಬಲಪಾದವನ್ನು ಕೈಯಲ್ಲಿ ಹಿಡಿದು ನೋಡಿ, ಅದು ನೇರವಾಗಿ ಮೇಲಕ್ಕೆ ಬಾರದೆ ಇರುವುದನ್ನು ನಮಗೆ ತೋರಿಸಿ, “ಅಮ್ಮಾ, ನೀವು ಇವಳ ನೋವನ್ನು ಕಳೆಯುತ್ತಿಲ್ಲ, ಬಡ್ಡಿ ಸಮೇತ ಮುಂದಕ್ಕೆ ಹಾಕುತ್ತಿದ್ದೀರಿ” ಎಂದಳು. ನಮಗೆ ಬಹಳ ಕೋಪ ಬಂತು. ಆ ರಾತ್ರಿ ಮಗಳೇ ನಮ್ಮನ್ನು ಕರೆದು, “ಅಮ್ಮ, ನನ್ನನ್ನು ಎತ್ತಬೇಡಿ. ನೀರಿನ ಲೋಟವನ್ನು ಮಾತ್ರ ಕೈಗೆಟುಕುವ ಹಾಗೆ ಇಡಿ” ಎಂದಾಗ ಕೋಪವು ಹೋಗಿ ನಾಚಿಕೆಯಾಯಿತು.

ಆ ದಿನಗಳಲ್ಲಿ ಮಗಳು ಪರ್ವತಾರೋಹಿಗಳ ವೃತ್ತಾಂತಗಳನ್ನು ಓದುತ್ತಿದ್ದಳು. ಅವುಗಳಲ್ಲಿ ಒಂದನ್ನು ನಮಗೆ ಓದಿ ಹೇಳಿದಳು. ಕಾರಕೋರಂ ಪರ್ವತಗಳಲ್ಲಿ ಓಗರ್ ಎಂಬ ಹೆಸರಿನ, 7,285 ಮೀಟರ್ ಎತ್ತರದ ಶಿಖರವೊಂದುಂಟು. 1977ನೆಯ ಇಸವಿ ಜುಲೈ 13ರಂದು ಇಂಗ್ಲೆಂಡಿನ ಡಗ್ ಸ್ಕಾಟ್ ಮತ್ತು ಕ್ರಿಸ್ ಬಾನಿಂಗ್ಟನ್ ಎಂಬವರು ಅದರ ತುದಿಯನ್ನು ಮೊದಲ ಬಾರಿಗೆ ಮುಟ್ಟಿದರು. ಇಳಿಯಲು ತೊಡಗಿದಾಗ ಸಂಜೆಯಾಗಿತ್ತು. ಹಗ್ಗದ ಮೇಲೆ ಇಳಿಯುತ್ತಿದ್ದ ಸ್ಕಾಟರ ಕಾಲು ಮಂಜುಗಡ್ಡೆಯ ಮೇಲೆ ಜಾರಿ, ಅವರು ತೂಗುಗುಂಡಿನಂತೆ ಪಕ್ಕಕ್ಕೆ ತೂಗಿಹೋಗಿ ಬಂಡೆಗೆ ಅಪ್ಪಳಿಸಿದರು; ಎರಡು ಕಾಲುಗಳೂ ಗಿಣ್ಣಿನ ಹತ್ತಿರ ಮುರಿದವು. ಅಷ್ಟು ಕಡಿದಾದ ಎತ್ತರದಲ್ಲಿ ಒಬ್ಬ ಮನುಷ್ಯನನ್ನು ಹೊತ್ತು ಇಳಿಸುವುದು ಯಾರಿಂದಲೂ ಆಗತಕ್ಕ ಕೆಲಸವಲ್ಲ. ಸ್ಕಾಟರು ಮೊಳಕಾಲುಗಳ ಮೇಲೆ ತೆವಳಿದರು. ಮೋ ಆಂಥೋಯ್ನ್ ಮತ್ತು ಕ್ಲೈವ್ ರೋಲೆಂಡ್ ಎಂಬ ಜೊತೆಗಾರರು ಮುಂದೆ ಹೋಗಿ, ಹಿಮವನ್ನು ತುಳಿದು ಹಾದಿ ಮಾಡಿ, ಹಗ್ಗಗಳನ್ನು ಕಟ್ಟಿದರು. ನಡುವೆ ಬಿರುಗಾಳಿ ಎದ್ದಿತು, ಆಹಾರ ತೀರಿತು, ಬಾನಿಂಗ್ಟನ್ನರೂ ಬಿದ್ದು ಪಕ್ಕೆಲುಬುಗಳನ್ನು ಮುರಿದುಕೊಂಡರು. ಸುಮಾರು ಒಂದು ವಾರದ ಮೇಲೆ ಅವರೆಲ್ಲರೂ ಜೀವಸಹಿತ ಬುಡದ ಬಿಡಾರವನ್ನು ಸೇರಿದರು. ಅಲ್ಲಿಂದ ಮುಂದಕ್ಕೆ ಬಾಲ್ಟಿ ಜನರಾದ ಹೊರೆಯಾಳುಗಳು ಸ್ಕಾಟರನ್ನು ಡೋಲಿಯಲ್ಲಿ ಹೊತ್ತುಕೊಂಡು ಹೋದರು. ಎರಡು ವರ್ಷ ತುಂಬುವುದರೊಳಗಾಗಿ, 1979ರಲ್ಲಿ, ಅದೇ ಕಾಲುಗಳಿಂದ ಅವರು ಕಾಂಚನಜುಂಗಾ ಪರ್ವತವನ್ನು ಆಮ್ಲಜನಕದ ಸಿಲಿಂಡರುಗಳಿಲ್ಲದೆ ಏರಿದರು. ಮುಂದೆ ನೇಪಾಳದ ಬೆಟ್ಟದ ಹಳ್ಳಿಗಳಲ್ಲಿ ಶಾಲೆಗಳನ್ನೂ ಚಿಕಿತ್ಸಾಲಯಗಳನ್ನೂ ಕಟ್ಟಿಸುವ ಧರ್ಮಸಂಸ್ಥೆಯೊಂದನ್ನು ಸ್ಥಾಪಿಸಿ, 2020ರಲ್ಲಿ ತೀರಿಕೊಂಡರು.

ಈ ವೃತ್ತಾಂತವನ್ನು ಓದುವವರು ಸ್ಕಾಟರ ಧೈರ್ಯವನ್ನು ಹೊಗಳುವರು, ಅದು ಯುಕ್ತವೇ. ಆದರೆ ನಮ್ಮ ಮನಸ್ಸು ಆ ಜೊತೆಗಾರರ ಮೇಲೆ ನಿಂತಿತು. ಅವರು ಸ್ಕಾಟರನ್ನು ಹೊರಲಿಲ್ಲ, ಒಂಟಿಯಾಗಿ ಬಿಡಲೂ ಇಲ್ಲ; ಹಾದಿ ಮಾಡಿಕೊಟ್ಟರು. ತೆವಳುವ ಕೆಲಸವನ್ನು ತೆವಳಬೇಕಾದವರಿಗೇ ಬಿಟ್ಟರು. ತೆವಳಿ ಆಗದ ದಾರಿ ಬಂದಾಗ, ಹೊರಬಲ್ಲವರು ಸಂಕೋಚವಿಲ್ಲದೆ ಹೊತ್ತರು. ಎಲ್ಲಿ ಹೊರಬೇಕು, ಎಲ್ಲಿ ಹಾದಿ ಮಾತ್ರ ಮಾಡಬೇಕು ಎಂಬ ವಿವೇಕವೇ ನಿಜವಾದ ಶುಶ್ರೂಷೆಯೆಂಬುದು ನಮ್ಮ ಅಭಿಪ್ರಾಯ. ನಾವು ಹೊರಬಾರದ ಕಡೆಯಲ್ಲಿ ಹೊತ್ತು, ಹಾದಿ ಮಾಡಬೇಕಾದ ಕಡೆಯಲ್ಲಿ ಅಳುತ್ತಾ ಕುಳಿತಿದ್ದೆವು.

ಇದು ಪರ್ವತದ ಮೇಲೆ ಮಾತ್ರ ನಡೆಯುವ ನೀತಿ ಎಂದು ಯಾರೂ ತಿಳಿಯಬಾರದು. ಇಂಗ್ಲೆಂಡಿನ ಆಗ್ನೆಸ್ ಹಂಟ್ ಎಂಬಾಕೆ (1866–1948) ಬಾಲ್ಯದಲ್ಲಿಯೇ ಸೊಂಟದ ಕೀಲಿನ ರೋಗದಿಂದ ಕುಂಟಿಯಾದವರು. ಅವರು ಊರುಗೋಲನ್ನು ಹಿಡಿದೇ ದಾದಿಯ ವಿದ್ಯೆಯನ್ನು ಕಲಿತು, 1900ನೆಯ ಇಸವಿಯಲ್ಲಿ ಬಾಸ್‌ಚರ್ಚ್ ಎಂಬ ಹಳ್ಳಿಯಲ್ಲಿ ಅಂಗವಿಕಲರಾದ ಮಕ್ಕಳಿಗೆ ಆರೈಕೆಯ ಮನೆಯನ್ನು ತೆರೆದರು. ಪ್ರಸಿದ್ಧ ಮೂಳೆವೈದ್ಯರಾದ ರಾಬರ್ಟ್ ಜೋನ್ಸರು ಅಲ್ಲಿಗೆ ಬಂದು ಚಿಕಿತ್ಸೆ ಮಾಡುತ್ತಿದ್ದರು. ಆಗ್ನೆಸ್ ಹಂಟರು ಕೀಲುಗಳನ್ನು ಸರಿಮಾಡಿಸಿದ್ದಕ್ಕೇ ತೃಪ್ತರಾಗದೆ, 1927ರಲ್ಲಿ ಅಂಥವರಿಗೆ ಕಸಬುಗಳನ್ನು ಕಲಿಸುವ ವಿದ್ಯಾಲಯವನ್ನೂ ಸ್ಥಾಪಿಸಿದರು. ಕರುಣೆಯಿಂದ ಕುಳ್ಳಿರಿಸಿ ಸಾಕುವುದಕ್ಕಿಂತ ಕೆಲಸಕ್ಕೆ ಹಾದಿ ಮಾಡಿಕೊಡುವುದೇ ಮೇಲೆಂದು ಆಕೆ ತನ್ನ ದೇಹದಿಂದಲೇ ಕಲಿತಿದ್ದರು.

ನಮ್ಮ ಮನೆಯಲ್ಲಿಯೂ ಕ್ರಮವು ಬದಲಾಯಿತು. ಮಂಚವನ್ನು ಗಾಲಿಕುರ್ಚಿಯ ಎತ್ತರಕ್ಕೆ ಇಳಿಸಿದೆವು. ಬಚ್ಚಲಿನ ಗೋಡೆಗೆ ಹಿಡಿಕೆಯ ಸರಳನ್ನು ಹಾಕಿಸಿದೆವು. ಕಾಲಿಗೆ ತೊಡರುವ ಚಾಪೆ ಜಮಖಾನೆಗಳನ್ನು ಸುತ್ತಿಟ್ಟೆವು. ವ್ಯಾಯಾಮದ ಹೊತ್ತಿನಲ್ಲಿ ನಾವು ಅಡಿಗೆಯ ಮನೆಯಲ್ಲಿಯೇ ನಿಂತೆವು. ಎಡ ಹಿಮ್ಮಡಿಗೆ ಭಾರ ಹಾಕಬಹುದೆಂದು ವೈದ್ಯರು ಹೇಳಿದ ಮೇಲೆ, 2023ರ ಜನವರಿಯಲ್ಲಿ ಅವಳು ವಾಕರ್ ಹಿಡಿದು ಎದ್ದು ನಿಂತಳು. ಮೊದಲ ದಿನ ನಾಲ್ಕು ಹೆಜ್ಜೆ. ಮಾರನೆಯ ದಿನ ಎರಡೇ. ಮುಂದಕ್ಕೂ ಹಿಂದಕ್ಕೂ ಹೋಗುವ ಈ ಲೆಕ್ಕವನ್ನು ಕಂಡು ನಿರಾಶರಾಗಬಾರದೆಂದು ತಾಯ್ತಂದೆಗಳಿಗೆ ವಿಶೇಷವಾಗಿ ಹೇಳುತ್ತೇವೆ. ಆಮೇಲೆ ಊರುಗೋಲುಗಳು, ಅನಂತರ ಒಂದೇ ಕೋಲು. ಆ ಒಂದು ಕೋಲನ್ನು ನೊಂದ ಕಾಲಿನ ಕಡೆಗಲ್ಲ, ಎದುರು ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿಯಾದ ಕಾಲು ಮೊದಲು, ಇಳಿಯುವಾಗ ನೊಂದ ಕಾಲು ಮೊದಲು. ಯಾವ ಕಾಲಿಗೆ ಎಂದು ಎಷ್ಟು ಭಾರ ಹಾಕಬೇಕೆಂಬುದನ್ನು ಮಾತ್ರ ವೈದ್ಯರೇ ಹೇಳತಕ್ಕದ್ದು. ಅದರಲ್ಲಿ ನೆರೆಹೊರೆಯವರ ಅನುಭವವು ಪ್ರಮಾಣವಲ್ಲ.

ಮಗಳ ಕಾಲು ಮೊದಲಿನಂತೆಯೇ ಆಯಿತೆಂದು ಹೇಳಿದರೆ ಅದು ಸುಳ್ಳಾದೀತು. ಎಡಗಾಲಿನ ಗಿಣ್ಣು ಇನ್ನೂ ಬಿಗಿ, ಹಳ್ಳದಿಣ್ಣೆಯ ನೆಲದಲ್ಲಿ ಅವಳು ನೋಡಿ ನಡೆಯಬೇಕು, ಕುಕ್ಕರುಗಾಲಿನಲ್ಲಿ ಕುಳಿತುಕೊಳ್ಳಲಾರಳು, ಚಳಿಗಾಲದಲ್ಲಿ ನೋವು ಏಳುತ್ತದೆ. ನಾವು ಕಳೆದ ಆ ಏಳು ವಾರಗಳ ಪಾಲು ಇದರಲ್ಲಿ ಎಷ್ಟೆಂದು ಕೇಳಿಕೊಳ್ಳದ ದಿನವಿಲ್ಲ. ಆದರೂ ಅವಳು ತನ್ನ ಕಾಲ ಮೇಲೆ ನಿಂತಿದ್ದಾಳೆ.

ಇನ್ನು ಶಾಲೆಯ ಮಾತು. ಒಂಬತ್ತನೆಯ ತರಗತಿಯು ಮಹಡಿಯ ಮೇಲಿತ್ತು. ಅವಳು ಗಾಲಿಕುರ್ಚಿಯಲ್ಲಿ ಬಂದಾಗ ಮುಖ್ಯೋಪಾಧ್ಯಾಯಿನಿಯವರು ಇಡೀ ತರಗತಿಯನ್ನು ಕೆಳಗಿನ ಕೋಣೆಗೆ ಇಳಿಸಿದರು. ಯಾರನ್ನೂ ಹೊತ್ತುಕೊಂಡು ಹೋಗಬೇಕೆಂದು ಹೇಳಲಿಲ್ಲ. ಇದಕ್ಕಾಗಿ ನಾವು ಸದಾ ಕೃತಜ್ಞರು. ಆದರೆ ವಾಚನಾಲಯವೂ ವಿಜ್ಞಾನದ ಪ್ರಯೋಗಶಾಲೆಯೂ ಮಹಡಿಯಲ್ಲಿಯೇ ಉಳಿದವು. ಆ ವರ್ಷ ಅವಳು ಅಲ್ಲಿಗೆ ಹೋಗಲೇ ಇಲ್ಲ. ವಿದ್ಯಾಸಂಸ್ಥೆಗಳ ಕಟ್ಟಡಗಳು ಅಂಗವಿಕಲರಿಗೂ ಪ್ರವೇಶಯೋಗ್ಯವಾಗಿರಬೇಕೆಂದು 2016ರ ಕಾನೂನು ವಿಧಿಸಿದೆ. ಕಾನೂನಿನ ಮಾತು ಹಾಗಿರಲಿ. ಹೊಸ ಕಟ್ಟಡದ ನಿಧಿಗೆ ಹಣ ಕೂಡಿಸುತ್ತಿರುವ ಹಳೆಯ ವಿದ್ಯಾರ್ಥಿನಿಯರನ್ನು ನಾವು ಬೇಡಿಕೊಳ್ಳುವುದೇನಂದರೆ, ನಮ್ಮ ಹೆಸರುಗಳನ್ನು ಕೊರೆಯುವ ಅಮೃತಶಿಲೆಯ ಹಲಗೆಗಿಂತ ಮುಂಚೆ ಒಂದು ಇಳಿಜಾರು ದಾರಿಯೂ, ಮೆಟ್ಟಿಲುಗಳ ಎರಡು ಮಗ್ಗುಲಿಗೂ ಹಿಡಿಕೆಯ ಸರಳುಗಳೂ ಆಗಲಿ. ಕಾಲು ಮುರಿದವರು ಒಂದು ವರ್ಷ ಅದನ್ನು ಬಳಸಿಯಾರು. ಹುಟ್ಟಿನಿಂದಲೇ ನಡೆಯಲಾರದ ಮಗುವಿಗಾದರೋ ಅದು ಶಾಲೆಯ ಬಾಗಿಲೇ ಆದೀತು.

ಕಡೆಯದಾಗಿ, ಹೆಣ್ಣುಮಕ್ಕಳಿಗೆ ಬಂಡೆ ಏರುವುದೇತಕ್ಕೆ ಎಂದು ನಮ್ಮನ್ನು ಕೇಳುವವರುಂಟು. ಅಪಾಯವಿಲ್ಲವೆಂದು ನಾವು ಹೇಳುವುದಿಲ್ಲ. ಅದನ್ನು ನಾವು ಬಲ್ಲೆವು. ಗಂಟನ್ನು ಇಬ್ಬರು ಪರೀಕ್ಷಿಸದೆ ಯಾರೂ ಏರಬಾರದು. ಹಗ್ಗ ಹಿಡಿಯುವುದನ್ನು ಚೆನ್ನಾಗಿ ಕಲಿಯದವರ ಕೈಗೆ ಅದನ್ನು ಕೊಡಬಾರದು. ಹೆಲ್ಮೆಟ್ ಇಲ್ಲದೆ ಬಂಡೆಯ ಬುಡದಲ್ಲಿಯೂ ನಿಲ್ಲಬಾರದು. ಆದರೆ ಬಿದ್ದದ್ದು ಹುಡುಗನಾಗಿದ್ದರೆ “ಹಗ್ಗ ಹಿಡಿದವರು ಯಾರು?” ಎಂದು ಕೇಳುತ್ತಿದ್ದವರು, ಹುಡುಗಿಯಾದುದರಿಂದ “ಅವಳನ್ನು ಕಳುಹಿಸಿದವರು ಯಾರು?” ಎಂದು ಕೇಳಿದರು. ಈ ಭೇದವನ್ನು ನಾವು ಒಪ್ಪಲಾರೆವು. ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿದ ಮೇಲೆ ಮಗಳು ಮತ್ತೆ ರಾಮನಗರಕ್ಕೆ ಹೋಗಬೇಕೆಂದಳು. ನಮಗೆ ಎದೆ ನಡುಗಿತು. ಬೇಡವೆನ್ನಲು ಬಾಯಿ ತೆರೆದೆವು. ಆಮೇಲೆ ಬುತ್ತಿಯನ್ನು ಕಟ್ಟಿಕೊಟ್ಟು, ನಾವೂ ಸಂಗಡ ಹೋದೆವು. ಆ ದಿನ ಅವಳು ಬಂಡೆ ಏರಲಿಲ್ಲ. ಗಟ್ಟಿಯಾಗಿ ಕಾಲೂರಿ ನಿಂತು, ಬೇರೊಬ್ಬಳು ಹುಡುಗಿ ಏರಿ ಇಳಿಯುವ ತನಕ ಹಗ್ಗವನ್ನು ಬಿಗಿಯಾಗಿ ಹಿಡಿದಿದ್ದಳು.