ರಿಪೋರ್ಟ್ ಸರಿಹೋಯಿತು, ಗಾಬರಿ ಹೋಗಲಿಲ್ಲ

ಅಂಗೈ ಮುಟ್ಟಿ ನೋಡಿದರೆ ಅನುಭವಿ ವೈದ್ಯರಿಗೆ ಒಂದಿಷ್ಟು ಸುಳಿವು ಸಿಗುತ್ತದೆ. ಬರೀ ಆತಂಕದಿಂದ ಬಳಲುವವರ ಕೈ ಬೆವರಿದ್ದರೂ ಸಾಮಾನ್ಯವಾಗಿ ತಣ್ಣಗಿರುತ್ತದೆ. ಥೈರಾಯ್ಡ್ ಗ್ರಂಥಿ ಮಿತಿಮೀರಿ ಕೆಲಸ ಮಾಡುತ್ತಿರುವವರ ಕೈ ಬೆಚ್ಚಗೆ ಒದ್ದೆಯಾಗಿರುತ್ತದೆ. ನಿದ್ದೆಯಲ್ಲಿ ಮೊದಲಿನವರ ನಾಡಿ ಇಳಿಯುತ್ತದೆ, ಎರಡನೆಯವರದು ಆಗಲೂ ಓಡುತ್ತಲೇ ಇರುತ್ತದೆ. ಮಿಕ್ಕ ಲಕ್ಷಣಗಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ: ಎದೆ ಢವಢವ, ಕೈನಡುಕ, ಸಿಡುಕು, ನಿದ್ದೆಗೇಡು, ಕಾರಣವಿಲ್ಲದ ದಿಗಿಲು. ಹಾಗಾಗಿಯೇ ಎಷ್ಟೋ ಮಂದಿಗೆ ‘ಟೆನ್ಷನ್ ಮಾಡ್ಕೋಬೇಡಿ’ ಎಂಬ ಉಪದೇಶ ಮೊದಲು ಸಿಗುತ್ತದೆ, ರಕ್ತಪರೀಕ್ಷೆ ಆಮೇಲೆ.

ಅಮೆರಿಕದ ಓಟಗಾರ್ತಿ ಗೇಲ್ ಡೆವರ್ಸ್ 1988ರ ಸೋಲ್ ಒಲಿಂಪಿಕ್ಸ್ ಹೊತ್ತಿಗೆ ಕಾಯಿಲೆ ಬಿದ್ದರು. ಅದು ಥೈರಾಯ್ಡ್ ಮಿತಿಮೀರಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆ ಎಂದು ಗೊತ್ತಾದದ್ದು 1990ರಲ್ಲಿ. 1992ರಲ್ಲಿ ಬಾರ್ಸಿಲೋನಾದಲ್ಲಿ 100 ಮೀಟರ್ ಓಟದ ಚಿನ್ನ ಗೆದ್ದರು. ಈ ಕಥೆ ಹೇಳುವವರೆಲ್ಲ ನೇರ ಪದಕಕ್ಕೆ ಹೋಗಿಬಿಡುತ್ತಾರೆ. ಚಿಕಿತ್ಸೆ ಶುರುವಾದ ಮೇಲೆಯೇ ಆಕೆಯ ಪಾದಗಳು ಊದಿಕೊಂಡು, ಕತ್ತರಿಸಬೇಕಾದೀತು ಎನ್ನುವ ಹಂತಕ್ಕೆ ಹೋಗಿದ್ದವು. ಕಾಯಿಲೆ ಪತ್ತೆಯಾಗುವುದಕ್ಕೂ ವಾಸಿಯಾಗುವುದಕ್ಕೂ ನಡುವಿನ ಆ ದಿನಗಳ ಬಗ್ಗೆಯೇ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ.

ಈ ಕಾಯಿಲೆಗೆ ಕೊಡುವ ಕಾರ್ಬಿಮಜೋಲ್ ಮಾತ್ರೆ ಹೊಸ ಹಾರ್ಮೋನ್ ತಯಾರಾಗುವುದನ್ನು ತಡೆಯುತ್ತದೆ, ಅಷ್ಟೆ. ಥೈರಾಯ್ಡ್ ಗ್ರಂಥಿಯೆಂದರೆ ಕಣಜವಿದ್ದಂತೆ. ವಾರಗಟ್ಟಲೆ ಸಾಲುವಷ್ಟು ಹಾರ್ಮೋನನ್ನು ಅದು ಮೊದಲೇ ಕೂಡಿಟ್ಟಿರುತ್ತದೆ. ಆ ದಾಸ್ತಾನು ಕರಗುವವರೆಗೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಮನಸ್ಸು ಬೆದರುತ್ತದೆ. ರೋಗಿಗಳಿಗೆ ಇದು ಗೊತ್ತಿರುವುದಿಲ್ಲ. ಹತ್ತು ದಿನ ಮಾತ್ರೆ ನುಂಗಿ, ‘ಇದು ನನಗೆ ಹಿಡಿಸ್ತಿಲ್ಲ’ ಎಂದು ತಾವಾಗಿಯೇ ನಿಲ್ಲಿಸುತ್ತಾರೆ. ಇಲ್ಲವೇ ತಮಗೆ ಹುಚ್ಚೇ ಹಿಡಿಯುತ್ತಿದೆ ಎಂದು ಹೆದರಿ, ಯಾರಿಗೂ ಹೇಳದೆ ಒಳಗೊಳಗೇ ಕುಸಿಯುತ್ತಾರೆ.

ಚಿಕಿತ್ಸೆಯ ಮೊದಲ ದಿನವೇ ವೈದ್ಯರು ಬಾಯಿಬಿಟ್ಟು ಹೇಳಬೇಕು: ‘ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ, ಅಲ್ಲಿಯವರೆಗೆ ಈ ಗಾಬರಿ ಇರುತ್ತದೆ, ಅದಕ್ಕೂ ಔಷಧಿ ಇದೆ.’ ನಿಜಕ್ಕೂ ಇದೆ. ಪ್ರೊಪ್ರನಲಾಲ್‌ನಂಥ ಮಾತ್ರೆ ಎದೆಬಡಿತವನ್ನೂ ನಡುಕವನ್ನೂ ಬೇಗ ಹತೋಟಿಗೆ ತರುತ್ತದೆ. ಆಸ್ತಮಾ ಇರುವವರಿಗೆ ಅದು ಅಪಾಯ, ಹಾಗಾಗಿ ವೈದ್ಯರು ಬರೆದುಕೊಟ್ಟರೆ ಮಾತ್ರ. ಕಾರ್ಬಿಮಜೋಲ್ ತೆಗೆದುಕೊಳ್ಳುವಾಗ ಗಂಟಲುನೋವು, ಜ್ವರ ಬಂದರೆ ಮುಂದಿನ ಡೋಸ್ ನುಂಗದೆ ಅಂದೇ ವೈದ್ಯರನ್ನು ಕಂಡು ಬಿಳಿರಕ್ತಕಣಗಳ ಪರೀಕ್ಷೆ ಮಾಡಿಸಬೇಕು ಎಂಬುದನ್ನೂ ಆ ಮೊದಲ ದಿನವೇ ಹೇಳಬೇಕು.

ಇನ್ನೊಂದು ಅನ್ಯಾಯ ಆಗುವುದು ರಿಪೋರ್ಟ್ ಕೈಗೆ ಬಂದ ದಿನ. ‘ಎಲ್ಲಾ ನಾರ್ಮಲ್ ಇದೆ, ಇನ್ನೇನು ನಿಮ್ಮ ಗೋಳು?’ ಎನ್ನುವ ಮಾತು ಮನೆಯಲ್ಲೂ ಬರುತ್ತದೆ, ಆಸ್ಪತ್ರೆಯಲ್ಲೂ ಬರುತ್ತದೆ. ಥೈರಾಯ್ಡ್ ಹಾರ್ಮೋನ್ ಆದ ಟಿ4 ಸರಿಹೋದರೂ, ಗ್ರಂಥಿಯನ್ನು ನಿಯಂತ್ರಿಸುವ ಟಿಎಸ್‌ಎಚ್ ತಿಂಗಳುಗಟ್ಟಲೆ ತಗ್ಗಿನಲ್ಲೇ ಉಳಿಯುವುದುಂಟು. ಡೋಸ್ ಹೆಚ್ಚಾಗಿ ಹಾರ್ಮೋನ್ ತೀರಾ ಇಳಿದರೆ ಸುಸ್ತು, ಮಂಕು ಕವಿಯುತ್ತದೆ. ಎಲ್ಲ ಅಂಕಿಗಳೂ ಸರಿಯಿದ್ದು ಆತಂಕ ಮಾತ್ರ ಹೋಗದವರೂ ಇದ್ದಾರೆ. ಅವರ ಕಷ್ಟ ಸುಳ್ಳಲ್ಲ. ಅವರಿಗೆ ಆಪ್ತಸಮಾಲೋಚನೆ ಬೇಕು, ಕೆಲವರಿಗೆ ಮನೋವೈದ್ಯರ ಔಷಧಿಯೂ ಬೇಕು. ಅದು ಥೈರಾಯ್ಡ್ ಚಿಕಿತ್ಸೆಯ ಭಾಗವೇ ಹೊರತು ರೋಗಿಯ ದೌರ್ಬಲ್ಯಕ್ಕೆ ಸಾಕ್ಷಿಯಲ್ಲ.

ಕೂದಲು ಉದುರುತ್ತದೆಂದು ಅಂಗಡಿಯಿಂದ ತಂದು ನುಂಗುವ ಬಯೋಟಿನ್ ಮಾತ್ರೆ ಕೆಲವು ಲ್ಯಾಬ್‌ಗಳ ಥೈರಾಯ್ಡ್ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು. ರಕ್ತ ಕೊಡುವ ಮೊದಲು ಇದನ್ನು ತಿಳಿಸಬೇಕು. ಕಾಫಿಯದೂ ಒಂದು ಮಾತಿದೆ. ನಮ್ಮ ಮನೆಗಳಲ್ಲಿ ಬೆಳಗಾಗುವುದೇ ಸ್ಟ್ರಾಂಗ್ ಫಿಲ್ಟರ್ ಕಾಫಿಯಿಂದ. ಮೊದಲೇ ಓಡುತ್ತಿರುವ ಎದೆಗೆ ಕೆಫೀನ್ ಇನ್ನಷ್ಟು ವೇಗ ಕೊಡುತ್ತದೆ. ಚಿಕಿತ್ಸೆಯ ಆರಂಭದಲ್ಲಾದರೂ ಎರಡನೇ ಲೋಟ ಬಿಡಲು ಮನೆಮಂದಿಯೆಲ್ಲ ಜತೆಗೂಡಿದರೆ ರೋಗಿಗೆ ಸುಲಭ.

ರಾತ್ರಿ ಎರಡು ಗಂಟೆಗೆ ದಿಗಿಲು ಹತ್ತಿದಾಗ ಕರೆ ಮಾಡಲು 14416 ಇದೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯಿದು, ಉಚಿತ, ಇಪ್ಪತ್ನಾಲ್ಕು ಗಂಟೆಯೂ ಲಭ್ಯ. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಮುಖ ಕೇಂದ್ರ. ಎಂಡೊಕ್ರೈನಾಲಜಿ ಹೊರರೋಗಿ ವಿಭಾಗಗಳ ಗೋಡೆಯ ಮೇಲೆ ಈ ಸಂಖ್ಯೆ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಇರಬೇಕು. ಥೈರಾಯ್ಡ್ ಚೀಟಿಯಲ್ಲಿ ತೂಕ, ನಾಡಿ ಬರೆಯುವ ಜಾಗದ ಪಕ್ಕದಲ್ಲೇ ನಿದ್ದೆ ಹೇಗಿದೆ, ಗಾಬರಿ ಎಷ್ಟಿದೆ ಎಂದು ಕೇಳಿ ಬರೆಯಲು ಇನ್ನೊಂದು ಸಾಲು ಬೇಕು.