‘ಸಿನ್ಸ್’ ತಪ್ಪಿದರೆ ನಗಬೇಡಿ, ‘ಇಂದ’ ನೆನಪಿಸಿ

ಕೆಲಸದ ಇಂಟರ್‌ವ್ಯೂನಲ್ಲಿ ‘ಎಷ್ಟು ದಿನದಿಂದ ಕೆಲಸ ಮಾಡ್ತಿದ್ದೀರಿ?’ ಅಂತ ಇಂಗ್ಲಿಷಿನಲ್ಲಿ ಕೇಳುತ್ತಾರೆ. ‘ಐ ಆಮ್ ವರ್ಕಿಂಗ್ ಸಿನ್ಸ್ ಟೂ ಇಯರ್ಸ್’ ಅನ್ನುತ್ತಾನೆ ನಮ್ಮ ಹುಡುಗ. ಎದುರಿಗೆ ಕೂತವರು ಸಣ್ಣಗೆ ನಕ್ಕರೆ ಮುಗಿಯಿತು, ಗೊತ್ತಿದ್ದ ಉತ್ತರವೂ ಆಮೇಲೆ ಬಾಯಿಗೆ ಬರುವುದಿಲ್ಲ.

ಇದು ದಡ್ಡತನದ ತಪ್ಪಲ್ಲ. ಕನ್ನಡದಲ್ಲಿ ‘2023ರಿಂದ’ ಅಂತಲೂ ಹೇಳುತ್ತೇವೆ, ‘ಎರಡು ವರ್ಷದಿಂದ’ ಅಂತಲೂ ಹೇಳುತ್ತೇವೆ. ಎರಡಕ್ಕೂ ಒಂದೇ ‘ಇಂದ’. ಇಂಗ್ಲಿಷಿನಲ್ಲಿ ಹಾಗಿಲ್ಲ. ಯಾವಾಗ ಶುರುವಾಯಿತು ಅನ್ನುವುದಕ್ಕೆ ಸಿನ್ಸ್: ಸಿನ್ಸ್ 2023, ಸಿನ್ಸ್ ಮಂಡೇ, ಸಿನ್ಸ್ ಯುಗಾದಿ. ಎಷ್ಟು ಕಾಲವಾಯಿತು ಅನ್ನುವುದಕ್ಕೆ ಫಾರ್: ಫಾರ್ ಟೂ ಇಯರ್ಸ್, ಫಾರ್ ತ್ರೀ ಡೇಸ್. ಜೊತೆಗೆ ‘ಆಮ್ ವರ್ಕಿಂಗ್’ ಬದಲು ‘ಹ್ಯಾವ್ ಬೀನ್ ವರ್ಕಿಂಗ್’ ಬರಬೇಕು. ಅರ್ಜಿಯಲ್ಲಿ ‘ಸಿನ್ಸ್’ ಅಂತ ಕೇಳಿದ್ದರೆ ಇಸವಿಯನ್ನೋ ತಾರೀಖನ್ನೋ ಬರೆಯಿರಿ, ‘10 ವರ್ಷ’ ಅಂತ ಅಲ್ಲ.

ಸಿನ್ಸ್‌ನ ಕೆಲಸ ಇಷ್ಟಕ್ಕೇ ಮುಗಿಯುವುದಿಲ್ಲ. ‘ಸಿನ್ಸ್ ಐ ಲೆಫ್ಟ್ ಕಾಲೇಜ್’ ಅಂದಾಗ ಅದರ ಹಿಂದೆ ಇಡೀ ಮಾತೇ ಬರುತ್ತದೆ. ಅರ್ಥ, ಕಾಲೇಜು ಬಿಟ್ಟಾಗಿನಿಂದ. ‘ಐ ಹ್ಯಾವ್ ನಾಟ್ ಸೀನ್ ಹಿಮ್ ಸಿನ್ಸ್’ ಅಂದಾಗ ಕೊನೆಯಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಅರ್ಥ, ಆಗಿನಿಂದ ಅವನನ್ನು ನೋಡಿಲ್ಲ. ‘ಸಿನ್ಸ್ ಇಟ್ ರೇನ್ಡ್, ದಿ ಬಸ್ ವಾಸ್ ಲೇಟ್’ ಅಂದಾಗ ಹೊತ್ತಿನ ಮಾತೇ ಅಲ್ಲ, ಕಾರಣ: ಮಳೆ ಬಂದದ್ದರಿಂದ ಬಸ್ಸು ತಡ.

ಗಮನಿಸಿ, ಎಲ್ಲ ಕಡೆಯೂ ಕನ್ನಡದಲ್ಲಿ ‘ಇಂದ’ವೇ ಇದೆ. ಆದರೆ ‘ಬಿಟ್ಟಾಗಿನಿಂದ’ ಬೇರೆ, ‘ಬಿಟ್ಟಿದ್ದರಿಂದ’ ಬೇರೆ. ನಮ್ಮ ಅಜ್ಜಿಯೂ ಇವೆರಡನ್ನು ಅದಲು ಬದಲು ಮಾಡುವುದಿಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಸಿನ್ಸ್. ‘ಸಿನ್ಸ್ ಐ ಲೆಫ್ಟ್ ಕಾಲೇಜ್, ಐ ಹ್ಯಾವ್ ವರ್ಕ್ಡ್ ಆನ್ ಅವರ್ ಫಾರ್ಮ್’ ಅಂತ ಬರೆದರೆ, ಕಾಲೇಜು ಬಿಟ್ಟಾಗಿನಿಂದ ಹೊಲದ ಕೆಲಸವೋ, ಬಿಟ್ಟಿದ್ದರಿಂದ ಹೊಲದ ಕೆಲಸವೋ ಓದುವವರಿಗೆ ತಿಳಿಯದು. ಅರ್ಜಿಯಲ್ಲಿ ಕಾರಣ ಹೇಳುವಾಗ ‘ಬಿಕಾಸ್’ ಅಂತಲೇ ಬರೆಯುವುದು ಒಳ್ಳೆಯದು.

ನಮ್ಮ ಸರಕಾರಿ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ. ಇಂಗ್ಲಿಷ್ ಬೇಕೋ ಬೇಡವೋ ಅನ್ನುವ ಜಗಳ ಸಾಕಷ್ಟು ಆಗಿದೆ. ಹೇಗೆ ಕಲಿಸಬೇಕು ಅನ್ನುವ ಮಾತು ಅಷ್ಟು ಆಗಿಲ್ಲ. ‘ಕನ್ನಡದಲ್ಲಿ ಯೋಚನೆ ಮಾಡಬೇಡಿ’ ಅಂತ ಗದರಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ, ಅಷ್ಟೆ. ಅದರ ಬದಲು ಬೋರ್ಡಿನ ಮೇಲೆ ‘2023ರಿಂದ, ಎರಡು ವರ್ಷದಿಂದ, ಬಿಟ್ಟಾಗಿನಿಂದ, ಬಿಟ್ಟಿದ್ದರಿಂದ’ ಅಂತ ನಾಲ್ಕು ಮಾತು ಬರೆದು, ಇವಕ್ಕೆ ಇಂಗ್ಲಿಷಿನಲ್ಲಿ ಏನೇನು ಬರುತ್ತದೆ ಅಂತ ಕೇಳಿ. ಒಂದೇ ಪೀರಿಯಡ್ಡು ಸಾಕು.

ಮಗು ಮನೆಯಿಂದ ತಂದ ಭಾಷೆ ಇಂಗ್ಲಿಷಿಗೆ ಅಡ್ಡಗಾಲಲ್ಲ, ಹತ್ತುವುದಕ್ಕೆ ಏಣಿ. ಅದನ್ನು ಕಿತ್ತುಕೊಂಡು ‘ಮೇಲೆ ಹತ್ತು’ ಅಂದರೆ ಹೇಗೆ?